ತಾನಾಗಿಯೇ ಗುಂಡು ಹಾರಿತು ಅಂತ ದಯವಿಟ್ಟು ಬರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

‘ಪಿಸ್ತೂಲು ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ ಸಾವು.’ ಈ ಸಾಲನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಅದೇ ಪಿಸ್ತೂಲು ರಿವಾಲ್ವರ್ ಆಗಿಬಿಟ್ಟಿರುತ್ತದೆ. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಓದಿದವರು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ನನಗೆ ಹಾಗೆ ತಿರುಗಿಸಲು ಆಗುವುದಿಲ್ಲ. ನಮ್ಮ ಮನೆಯಲ್ಲೂ ಒಂದು ಪಿಸ್ತೂಲಿದೆ. ಲೈಸೆನ್ಸ್ ನನ್ನ ಹೆಸರಿನಲ್ಲಿದೆ. 11 ವರ್ಷದಿಂದ ಅದನ್ನು ಸೊಂಟದಲ್ಲಿ ಹೊತ್ತಿದ್ದೇನೆ, ಒರೆಸಿದ್ದೇನೆ, ಬೀಗ ಹಾಕಿಟ್ಟಿದ್ದೇನೆ. ಅದು ತಾನಾಗಿ ಏನನ್ನಾದರೂ ಮಾಡಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಾನು ತಪ್ಪು ಮಾಡಿದ್ದನ್ನು ಮಾತ್ರ ನೋಡಿದ್ದೇನೆ. ಅದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಬೇಕಾದರೆ ಕತ್ತರಿಸಿಕೊಳ್ಳಿ. ಆದರೆ ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಮನೆಯ ವಿಷಯ ಮಾತ್ರ ಬಿಡಬೇಡಿ.

ಪಿಸ್ತೂಲು ಮೊದಲು ಅಪ್ಪನದಾಗಿತ್ತು. ವಾಲ್ಥರ್ ಪಿಪಿಕೆ, 7.65 ಮಿ.ಮೀ. .32 ಅಂತಲೂ ಕರೆಯುತ್ತಾರೆ, ಗುಂಡು ಒಂದೇ. ಜರ್ಮನಿಯ ವಾಲ್ಥರ್ ಕಂಪನಿ 1929ರಲ್ಲಿ ಪಿಪಿ ಅನ್ನುವ ಪಿಸ್ತೂಲನ್ನು ತಂದಿತು. 1931ರಲ್ಲಿ ಅದನ್ನೇ ಗಿಡ್ಡ ಮಾಡಿ ಪಿಪಿಕೆ ಅಂತ ಹೆಸರಿಟ್ಟಿತು. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನ ಮನ್ಯೂರಾನ್ ಕಾರ್ಖಾನೆ ಬಹಳ ವರ್ಷ ಇವನ್ನು ತಯಾರಿಸಿತು. ನಮ್ಮದು ಆ ಕಾರ್ಖಾನೆಯದು. ಉದ್ದ 15 ಸೆಂ.ಮೀ. ಚಿಲ್ಲರೆ. ಅಂಗೈ ಚಾಚಿ ಅದರ ಮೇಲೆ ಇಟ್ಟರೆ ಹೊರಗೆ ಜಾಸ್ತಿ ಕಾಣುವುದಿಲ್ಲ. ಮ್ಯಾಗಝಿನ್‌ನಲ್ಲಿ 7 ಗುಂಡು ಹಿಡಿಯುತ್ತದೆ. ಮ್ಯಾಗಝಿನ್ ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ.

ಮೈಯೆಲ್ಲ ಉಕ್ಕು. ಖಾಲಿ ಇದ್ದಾಗಲೇ ಸುಮಾರು 600 ಗ್ರಾಂ. 7 ತೋಟಾ ತುಂಬಿದರೆ ಇನ್ನೊಂದು 50 ಗ್ರಾಂನಷ್ಟು ಏರುತ್ತದೆ. ಈಗಿನ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಮೈಯ ಸಣ್ಣ ಪಿಸ್ತೂಲುಗಳ ಮುಂದೆ ಇದು ಭಾರಿ ತೂಕ. ಉದಾಹರಣೆಗೆ, 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಸುಮಾರು 270 ಗ್ರಾಂ ಅಷ್ಟೇ. ನನ್ನ ವ್ಯಾಪಾರದ ಹಣ ಇಟ್ಟುಕೊಂಡು ರಾತ್ರಿ ಹೊತ್ತು ಒಬ್ಬಳೇ ಓಡಾಡಬೇಕಿತ್ತು. ಅದಕ್ಕೇ ಲೈಸೆನ್ಸ್ ತೆಗೆದುಕೊಂಡಿದ್ದು. ಮೊದಲ ತಿಂಗಳು ಬಲ ಸೊಂಟ ನೋವು ಬಂತು. ಸಾಧಾರಣ ಬೆಲ್ಟು ಆ ತೂಕಕ್ಕೆ ಮಡಚಿಕೊಂಡು ಕೆಳಗೆ ಜೋತು ಬೀಳುತ್ತಿತ್ತು. ದಪ್ಪ, ಗಟ್ಟಿ ಬೆಲ್ಟು ಹಾಕಿದ ಮೇಲೆ ಸರಿಹೋಯಿತು. ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಹೆಂಗಸರಿಗೆ ಅದೇ ಸಲೀಸು ಅಂತ ಹೇಳಿದವರು ಬೇಕಾದಷ್ಟು ಜನ. ನಾನು ಒಪ್ಪಲಿಲ್ಲ. ಬ್ಯಾಗನ್ನು ನಾವು ಕುರ್ಚಿ ಮೇಲೆ ಬಿಟ್ಟು ಎದ್ದು ಹೋಗುತ್ತೇವೆ. ಸೊಂಟವನ್ನು ಬಿಟ್ಟು ಹೋಗುವುದಿಲ್ಲ ಅಲ್ವಾ?

ಆ ತೂಕದ ಮೇಲೆ ನನಗೆ ಈಗ ಪ್ರೀತಿ ಇದೆ. ಮೈ ಮೇಲೆ ಏನೋ ಇದೆ ಅನ್ನುವುದನ್ನು ಅದು ಮರೆಯಲು ಬಿಡುವುದಿಲ್ಲ. ಗುರಿ ಅಭ್ಯಾಸ ಮಾಡುವ ರೇಂಜಿನಲ್ಲಿ ಹಾರಿಸುವಾಗಲೂ ಅಷ್ಟೇ. .32 ಮೊದಲೇ ಸೌಮ್ಯ ಗುಂಡು. ಉಕ್ಕಿನ ತೂಕ ಸೇರಿ ಕೈ ಹಾರದೆ ನಿಲ್ಲುತ್ತದೆ. ಗುಂಡು ಹಾರಿದ ಮೇಲೂ ಮುಂದಿನ ಗುರಿ ಕಣ್ಣು ತಪ್ಪುವುದಿಲ್ಲ.

ಕಷ್ಟ ಇರುವುದು ಸ್ಲೈಡಿನಲ್ಲಿ, ಅಂದರೆ ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಮೇಲ್ಭಾಗದಲ್ಲಿ. ಪಿಪಿಕೆಯ ನಳಿಗೆ ಫ್ರೇಮಿಗೆ (ಹಿಡಿ ಸೇರಿದ ಕೆಳಮೈಗೆ) ಗಟ್ಟಿಯಾಗಿ ಕೂತಿದೆ, ಅಲ್ಲಾಡುವುದಿಲ್ಲ. ದೊಡ್ಡ ಪಿಸ್ತೂಲುಗಳಲ್ಲಿ ಇರುವಂಥ, ನಳಿಗೆಯನ್ನೂ ಸ್ಲೈಡನ್ನೂ ಕ್ಷಣಕಾಲ ಒಟ್ಟಿಗೆ ಹಿಡಿದಿಡುವ ಲಾಕು ಇದರಲ್ಲಿ ಇಲ್ಲ. ಗುಂಡು ಹೊರಗೆ ಹೋಗುವ ತನಕ ಹಿಂಭಾಗ ಮುಚ್ಚಿಕೊಂಡಿರುವುದು ಬರೀ ಸ್ಲೈಡಿನ ತೂಕದಿಂದ ಮತ್ತು ನಳಿಗೆಗೆ ಸುತ್ತಿಕೊಂಡ ಸ್ಪ್ರಿಂಗಿನಿಂದ. ಹಾಗಾಗಿ ಸ್ಪ್ರಿಂಗು ಬಿಗಿ. ಮೊದಲ ದಿನ ನನ್ನಿಂದ ಸ್ಲೈಡ್ ಎಳೆಯಲು ಆಗಲೇ ಇಲ್ಲ. ಎರಡು ಬೆರಳಲ್ಲಿ ಚಿವುಟಿದ ಹಾಗೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ಅಪ್ಪ ತೋರಿಸಿದ ಮೇಲೆ ಬಂತು. ಎಡ ಅಂಗೈಯಲ್ಲಿ ಸ್ಲೈಡನ್ನು ಮೇಲಿನಿಂದ ಅಪ್ಪಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ನೂಕಬೇಕು. ಎಳೆಯುವ ಬದಲು ನೂಕುವುದು. ಸಣ್ಣ ಕೈಗೂ ಆಗುತ್ತದೆ.

ಸಣ್ಣ ಕೈಯಿಂದ ಒಂದು ಲಾಭವೂ ಇದೆ. ನನ್ನ ತಮ್ಮನ ಕೈ ದೊಡ್ಡದು. ಅವನು ರೇಂಜಿನಲ್ಲಿ ಮೊದಲ ಸಲ ಹಾರಿಸಿದಾಗ ಸ್ಲೈಡ್ ಹಿಂದಕ್ಕೆ ಬಂದು ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮ ಕೊಯ್ದಿತು. ಅಕ್ಕಪಕ್ಕ ಎರಡು ಸಣ್ಣ ಕೆಂಪು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಪಿಪಿಕೆ ಇಟ್ಟುಕೊಂಡ ದೊಡ್ಡ ಕೈಯವರಿಗೆ ಆ ಗೆರೆಗಳು ಚೆನ್ನಾಗಿ ಗೊತ್ತು.

ತುಕ್ಕಿನ ಬಗ್ಗೆಯೂ ಹೇಳಬೇಕು. ಉಕ್ಕಿನ ಪಿಸ್ತೂಲು ಮೈಗೆ ಅಂಟಿಕೊಂಡಿದ್ದರೆ ಬೆವರು ಕುಡಿಯುತ್ತದೆ. ಮೇಲಿರುವ ಆ ನೀಲಿಗಪ್ಪು ಬಣ್ಣ ಪೇಂಟ್ ಅಲ್ಲ. ಉಕ್ಕಿನ ಮೇಲ್ಮೈಯನ್ನೇ ಬದಲಿಸಿ ಬರಿಸಿದ ತೆಳು ಪದರ. ಎಣ್ಣೆಯ ಪಸೆ ಇಲ್ಲದಿದ್ದರೆ ಅದು ಬೆವರನ್ನು ತಡೆಯುವುದಿಲ್ಲ. ಮೊದಲ ವರ್ಷ ನಾನು ಮೂರು ವಾರ ಅದನ್ನು ಚರ್ಮದ ಚೀಲದಲ್ಲೇ ಬಿಟ್ಟಿದ್ದೆ. ತೆಗೆದು ನೋಡಿದರೆ ಚೀಲದ ಒಳಗಿನ ಹೊಲಿಗೆ ತಾಗಿದ ಕಡೆಯೆಲ್ಲ ಸಾಲಾಗಿ ಕೆಂಪು ಚುಕ್ಕಿ. ದಾರದ ಒಂದೊಂದು ಗಂಟೂ ಉಕ್ಕಿನ ಮೇಲೆ ಮೂಡಿತ್ತು. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ಲವಣವೂ ಅದರಲ್ಲಿ ಇರುತ್ತದೆ. ಹೊತ್ತುಕೊಂಡು ಹೋಗುವುದಕ್ಕೆ ಚರ್ಮದ ಚೀಲ ಸರಿ, ಇಡುವುದಕ್ಕೆ ಸರಿಯಲ್ಲ. ಪಿಪಿಕೆಯ ಹಿಡಿಯ ಹಿಂಬದಿಯೂ ಪ್ಲಾಸ್ಟಿಕ್, ಸುತ್ತಿ ಬರುವ ಒಂದೇ ತುಂಡು. ಸ್ಕ್ರೂ ಬಿಚ್ಚಿ ಅದನ್ನು ಎಳೆದಾಗ ಒಳಗೂ ಕುಂಕುಮದಂಥ ಪುಡಿ ಉದುರಿತು. ಆಮೇಲೆ ಹೊತ್ತ ದಿನವೆಲ್ಲ ರಾತ್ರಿ ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಟ್ಟೆ ಆಡಿಸಿ ಇಡುತ್ತೇನೆ. ಆ ಚುಕ್ಕಿಗಳ ಗುರುತು ಇನ್ನೂ ಹೋಗಿಲ್ಲ.

ಈಗ ಒರೆಸುವ ವಿಷಯಕ್ಕೆ ಬಂದೆವಲ್ಲ, ನಿಮ್ಮ ಸಾಲಿಗೂ ಬಂದ ಹಾಗಾಯಿತು. ‘ಸ್ವಚ್ಛಗೊಳಿಸುತ್ತಿದ್ದಾಗ’ ಅಂದರೆ ಯಾವಾಗ?

ನನ್ನ ಪಿಸ್ತೂಲನ್ನು ಒಳಗೆಲ್ಲ ಸ್ವಚ್ಛ ಮಾಡಬೇಕಾದರೆ ಬಿಚ್ಚಲೇಬೇಕು. ಟ್ರಿಗರಿನ ಸುತ್ತ ಇರುವ ಬಳೆಯನ್ನು ಕೆಳಕ್ಕೆ ಎಳೆದು ಸ್ವಲ್ಪ ಪಕ್ಕಕ್ಕೆ ಸರಿಸಿ, ಸ್ಲೈಡನ್ನು ಪೂರ್ತಿ ಹಿಂದಕ್ಕೆ ತಂದು, ಹಿಂಬದಿ ಎತ್ತಿ, ಮುಂದಕ್ಕೆ ಬಿಡಬೇಕು. ಸ್ಲೈಡ್ ಕೈಗೆ ಬರುತ್ತದೆ. ಗುಂಡಿಗೆ ಹೊಡೆಯುವ ಪಿನ್ನು ಇರುವುದೇ ಆ ಸ್ಲೈಡಿನಲ್ಲಿ. ಮೇಜಿನ ಮೇಲೆ ಈ ಕಡೆ ಸ್ಲೈಡ್, ಆ ಕಡೆ ಫ್ರೇಮ್ ಬಿದ್ದಿರುವಾಗ ಅದು ಹಾರುವುದು ಹೇಗೆ? ಬಿಚ್ಚಿದ ಪಿಸ್ತೂಲು ಹಾರುವುದಿಲ್ಲ. ಗುಂಡು ಹಾರಿದೆ ಅಂದರೆ ಸ್ವಚ್ಛ ಮಾಡುವುದು ಇನ್ನೂ ಶುರುವೇ ಆಗಿರಲಿಲ್ಲ. ಅದಕ್ಕಿಂತ ಮುಂಚಿನ ಕೆಲಸ, ಖಾಲಿ ಮಾಡುವುದು, ಸರಿಯಾಗಿ ಆಗಿರಲಿಲ್ಲ. ಇನ್ನು ಕೆಲವು ಪಿಸ್ತೂಲುಗಳಿವೆ, ಗ್ಲಾಕ್ ಅಂಥದ್ದು. ಅವುಗಳನ್ನು ಬಿಚ್ಚುವ ಮೊದಲು ಒಮ್ಮೆ ಟ್ರಿಗರ್ ಎಳೆಯಲೇಬೇಕು. ಚೇಂಬರ್ ನೋಡದೆ ಎಳೆದರೆ ಆಗುವುದೇನು ಅಂತ ನಾನು ಬೇರೆ ಹೇಳಬೇಕಿಲ್ಲ.

ಪಿಸ್ತೂಲನ್ನು ರಿವಾಲ್ವರ್ ಅಂತ ಬರೆಯುವುದು ಸುಮ್ನೆ ಹೆಸರಿನ ತಕರಾರಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ರಿವಾಲ್ವರಿನಲ್ಲಿ ಗುಂಡುಗಳು ಒಂದು ದುಂಡನೆಯ ಉರುಳೆಯಲ್ಲಿ ಕೂತಿರುತ್ತವೆ. ಉರುಳೆಯನ್ನು ಪಕ್ಕಕ್ಕೆ ತೆಗೆದರೆ ಐದೋ ಆರೋ ಮನೆ, ಎಲ್ಲವೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಯಾವುದು ತುಂಬಿದೆ, ಯಾವುದು ಖಾಲಿ, ಅಡಗಿಸಿಡಲು ಜಾಗವಿಲ್ಲ. ಪಿಸ್ತೂಲಿನಲ್ಲಿ ಗುಂಡು ಎರಡು ಕಡೆ ಇರುತ್ತದೆ. ಹಿಡಿಯೊಳಗಿನ ಮ್ಯಾಗಝಿನ್‌ನಲ್ಲಿ ಒಂದಷ್ಟು. ನಳಿಗೆಯ ಹಿಂಬದಿಯ ಚೇಂಬರಿನಲ್ಲಿ ಒಂದು. ಮ್ಯಾಗಝಿನ್ ಎಳೆದರೆ ಕೈಗೆ ಬರುತ್ತದೆ. ಚೇಂಬರಿನ ಗುಂಡು ಬರುವುದಿಲ್ಲ, ಸ್ಲೈಡಿನ ಕೆಳಗೆ ಮುಚ್ಚಿಕೊಂಡು ಕೂತಿರುತ್ತದೆ. ಮ್ಯಾಗಝಿನ್ ಇಲ್ಲದಿದ್ದರೆ ಹಾರದಂತೆ ತಡೆಯುವ ಏರ್ಪಾಡು ಕೆಲವು ಪಿಸ್ತೂಲುಗಳಲ್ಲಿ ಇದೆ. ನನ್ನದರಲ್ಲಿ ಇಲ್ಲ. ಮ್ಯಾಗಝಿನ್ ಮೇಜಿನ ಮೇಲಿರಲಿ, ಬೀರುವಿನಲ್ಲಿರಲಿ, ಟ್ರಿಗರ್ ಎಳೆದರೆ ಆ ಒಂದು ಗುಂಡು ಹಾರಿಯೇ ಹಾರುತ್ತದೆ. ಓದುಗರು ಇಷ್ಟನ್ನು ತಿಳಿದುಕೊಂಡರೂ ಎಷ್ಟೋ ಆಯಿತು.

ನನಗೂ ಇದು ಗೊತ್ತಿತ್ತು. ಅಪ್ಪ ಹೇಳಿಕೊಟ್ಟ ಕ್ರಮವೇ ಅದು: ಮೊದಲು ಮ್ಯಾಗಝಿನ್, ಆಮೇಲೆ ಸ್ಲೈಡ್, ಆಮೇಲೆ ಬೆರಳು. ಮ್ಯಾಗಝಿನ್ ತೆಗೆ. ಸ್ಲೈಡ್ ಎಳೆದು ಚೇಂಬರಿನದ್ದನ್ನು ಹೊರಗೆ ಬೀಳಿಸು. ಕಣ್ಣಲ್ಲಿ ನೋಡಿದ್ದು ಸಾಲದು, ಕಿರುಬೆರಳು ಒಳಗಿಟ್ಟು ಮುಟ್ಟಿ ನೋಡು. ನೂರಾರು ಸಲ ಹಾಗೇ ಮಾಡಿದ್ದೆ.

ಮೂರನೇ ವರ್ಷ ಒಂದು ರಾತ್ರಿ ತಡವಾಗಿ ಬಂದೆ. ತುಂಬ ದಣಿದಿದ್ದೆ. ಹಾಸಿಗೆ ಮೇಲೆ ಕೂತು ಪಿಸ್ತೂಲು ಹೊರಗೆ ತೆಗೆದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಲೇ ಮೊದಲು ಸ್ಲೈಡ್ ಎಳೆದೆ. ಚೇಂಬರಿನಲ್ಲಿದ್ದ ತೋಟಾ ಟಣ್ ಅಂತ ಹೊರಗೆ ಹಾರಿ ಹಾಸಿಗೆ ಮೇಲೆ ಬಿತ್ತು. ಆಮೇಲೆ ಮ್ಯಾಗಝಿನ್ ಎಳೆದು ಪಕ್ಕಕ್ಕಿಟ್ಟೆ. ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಗುಂಡು ಹೊರಗೆ ಬಂತು, ಮ್ಯಾಗಝಿನ್ ಹೊರಗೆ ಬಂತು, ಖಾಲಿ. ಮಾಡಿದ್ದು ಎರಡೇ ಕೆಲಸ, ಎರಡೂ ಸರಿಯಾದ ಕೆಲಸವೇ. ಹಿಂದುಮುಂದಾಗಿತ್ತು ಅಷ್ಟೇ. ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಝಿನ್ ಇನ್ನೂ ಒಳಗಿತ್ತು. ಅದರ ಮೇಲಿನ ಇನ್ನೊಂದು ಗುಂಡನ್ನು ಹೊತ್ತುಕೊಂಡು ಹೋಗಿ ಚೇಂಬರಿನಲ್ಲಿ ಕೂರಿಸಿತ್ತು.

ಆ ಕಾಲಕ್ಕೆ ನನಗೆ ಒಂದು ಕೆಟ್ಟ ಅಭ್ಯಾಸ ಇತ್ತು. ಖಾಲಿ ಮಾಡಿದ ಮೇಲೆ ಗೋಡೆಯ ಕಡೆ ಹಿಡಿದು ಟ್ರಿಗರ್ ಎಳೆದು ಹ್ಯಾಮರ್ ಇಳಿಸುತ್ತಿದ್ದೆ. ಹ್ಯಾಮರ್ ಅಂದರೆ ಗುಂಡಿಗೆ ಹೊಡೆಯುವ ಪಿನ್ನನ್ನು ಹಿಂದಿನಿಂದ ಬಡಿಯುವ ಸುತ್ತಿಗೆ. ಆ ಗೋಡೆಯ ಆಚೆ ನನ್ನ ಮಗ ಕೂತು ಓದುವ ಮೇಜು. ಸ್ಲೈಡ್ ಎಳೆದಿದ್ದರಿಂದ ಹ್ಯಾಮರ್ ಎದ್ದು ನಿಂತಿತ್ತು. ಆಗ ಟ್ರಿಗರಿಗೆ ಜಾಸ್ತಿ ಬಲ ಬೇಡ. ಹ್ಯಾಮರ್ ಇಳಿದಿದ್ದಾಗ 5–6 ಕೆ.ಜಿ. ಎಳೆತ ಬೇಕಾದರೆ ಎದ್ದಿದ್ದಾಗ ಅದರ ಅರ್ಧದಷ್ಟು ಸಾಕು. ನಾನು ಇನ್ನೂ ಫೋನಿನಲ್ಲಿ ಹೂಂ ಹೂಂ ಅನ್ನುತ್ತಿದ್ದೆ. ಪಿಸ್ತೂಲು ಗೋಡೆಯ ಕಡೆ ತಿರುಗಿತ್ತು. ಹೆಬ್ಬೆರಳು ಹ್ಯಾಮರಿನ ಮೇಲೆ ಆಡುವಾಗ ಅದರ ಮೇಲುಗಡೆ ಸ್ಲೈಡಿನ ಹಿಂಬದಿಯಲ್ಲಿ ಏನೋ ಚುಚ್ಚಿತು.

ಅದು ಬೇರೆಯೇ ಒಂದು ಸಣ್ಣ ಪಿನ್ನು, ಪೆನ್ಸಿಲ್ ಮೊನೆಯಷ್ಟು. ಚೇಂಬರಿನಲ್ಲಿ ಗುಂಡಿದ್ದರೆ ಅದು ಹೊರಗೆ ಚಾಚಿಕೊಳ್ಳುತ್ತದೆ. ಇಲ್ಲದಿದ್ದರೆ ಒಳಗಿರುತ್ತದೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗಲಿ ಅಂತ ವಾಲ್ಥರಿನವರು ಅದನ್ನು ಇಟ್ಟಿದ್ದಾರೆ. ಅಪ್ಪ ಮೊದಲ ದಿನವೇ ತೋರಿಸಿದ್ದರು. ನಾನು ಎಂದೂ ಅದನ್ನು ಹುಡುಕಿದವಳಲ್ಲ. ಆವತ್ತು ಅದೇ ನನ್ನ ಹೆಬ್ಬೆರಳನ್ನು ಹುಡುಕಿಕೊಂಡು ಬಂತು.

ಫೋನು ಕೆಳಗೆ ಬಿತ್ತು. ಕೈ ನಡುಗಿ ಸ್ಲೈಡ್ ಎಳೆಯಲು ಎರಡು ಸಲ ಆಗಲಿಲ್ಲ. ಮೂರನೇ ಸಲಕ್ಕೆ ಎರಡನೇ ತೋಟಾ ಹಾಸಿಗೆ ಮೇಲೆ, ಮೊದಲನೆಯದರ ಪಕ್ಕದಲ್ಲೇ ಬಿತ್ತು. ಆಚೆ ಕೋಣೆಯಲ್ಲಿ ಮಗ ಗಟ್ಟಿಯಾಗಿ ಪಾಠ ಓದುತ್ತಿದ್ದ. ಆ ಧ್ವನಿ ಕೇಳುತ್ತಾ ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ.

ಸಂಪಾದಕರೇ, ಆ ಪಿನ್ನು ಬೆರಳಿಗೆ ಸಿಗದೆ ಹೋಗಿದ್ದರೆ ಮರುದಿನ ನಿಮ್ಮ ಪತ್ರಿಕೆಯಲ್ಲಿ ಏನು ಬರುತ್ತಿತ್ತು? ‘ರಿವಾಲ್ವರ್ ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ ಬಾಲಕ ಸಾವು.’ ಅದರಲ್ಲಿ ಒಂದು ಪದವೂ ನಿಜ ಇರುತ್ತಿರಲಿಲ್ಲ, ಮಗ ಹೋದದ್ದೊಂದು ಬಿಟ್ಟು. ಓದಿದ ಇನ್ನೊಬ್ಬ ಪಿಸ್ತೂಲಿನವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ‘ಮ್ಯಾಗಝಿನ್ ಒಳಗಿರುವಾಗಲೇ ಸ್ಲೈಡ್ ಎಳೆದಿದ್ದರಿಂದ ಇನ್ನೊಂದು ಗುಂಡು ಚೇಂಬರಿಗೆ ಸೇರಿತ್ತು, ಪರೀಕ್ಷಿಸದೆ ಗೋಡೆಯ ಕಡೆ ಟ್ರಿಗರ್ ಎಳೆದರು’ ಅಂತ ಬರೆದಿದ್ದರೆ, ಅದನ್ನು ಓದಿದ ಒಬ್ಬರಾದರೂ ಆವತ್ತು ರಾತ್ರಿ ಎದ್ದು ಹೋಗಿ ತಮ್ಮದನ್ನು ನೋಡುತ್ತಿದ್ದರು.

ಆ ರಾತ್ರಿಯ ನಂತರ ನಾನು ತೋಟಾ ಎಣಿಸುತ್ತೇನೆ. ಹೊರಗೆ ತೆಗೆದ ಒಂದೊಂದನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತೇನೆ. ಹೊರಡುವಾಗ 7 ತುಂಬಿದ್ದರೆ ಬಂದ ಮೇಲೆ 7 ನಿಲ್ಲಬೇಕು. 6 ನಿಂತರೆ ಒಂದು ಇನ್ನೂ ಒಳಗಿದೆ. ಗೋಡೆಯ ಕಡೆ ಟ್ರಿಗರ್ ಎಳೆಯುವುದನ್ನು ಪೂರ್ತಿ ಬಿಟ್ಟೆ. ಹೀಗೆ ಸಾಲು ನಿಲ್ಲಿಸುವಾಗ ಒಂದು ದಿನ ಒಂದು ತೋಟಾ ಉಳಿದವಕ್ಕಿಂತ ಕೂದಲೆಳೆಯಷ್ಟು ಗಿಡ್ಡವಾಗಿ ಕಂಡಿತು. ದಿನಾ ಅದೇ ತೋಟಾ ಚೇಂಬರಿಗೆ ಹೋಗಿ ಬಂದು, ಹೋಗುವಾಗ ಮೂತಿ ತಾಗಿ ತಾಗಿ, ಸೀಸದ ಗುಂಡು ಹಿತ್ತಾಳೆಯೊಳಗೆ ಹಿಂದಕ್ಕೆ ಸರಿದಿತ್ತು. ಹಾಗಾದರೆ ಹಾರುವಾಗ ಒಳಗಿನ ಒತ್ತಡ ಏರುತ್ತದೆ. ಅದನ್ನು ತೆಗೆದಿಟ್ಟೆ. ಸಾಲು ನಿಲ್ಲಿಸದೆ ಇದ್ದಿದ್ದರೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಯಂತ್ರ ಎಂದೂ ತಪ್ಪು ಮಾಡುವುದೇ ಇಲ್ಲ ಅಂತ ನಾನು ವಾದಿಸುತ್ತಿಲ್ಲ. ಪಿಪಿಕೆಯ ಸ್ಲೈಡಿನ ಎಡಬದಿಯಲ್ಲಿ ಒಂದು ಲಿವರ್ ಇದೆ. ಅದನ್ನು ಕೆಳಕ್ಕೆ ಒತ್ತಿದರೆ ಎದ್ದಿರುವ ಹ್ಯಾಮರ್ ಗುಂಡಿಗೆ ತಾಗದ ಹಾಗೆ ಕೆಳಗಿಳಿಯಬೇಕು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 2002ರ ಮಾರ್ಚ್‌ನಿಂದ 2009ರ ಫೆಬ್ರವರಿವರೆಗೆ ತಾನು ತಯಾರಿಸಿದ ಪಿಪಿಕೆಗಳನ್ನು 2009ರಲ್ಲಿ ವಾಪಸ್ ಕರೆಸಿಕೊಂಡಿತು. ಆ ಲಿವರ್ ಒತ್ತಿದಾಗ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಸಾಧ್ಯತೆ ಇದೆ ಅಂತ ಕಂಪನಿಯೇ ಹೇಳಿತು. ನಮ್ಮದು ಅದಕ್ಕೆ ಸೇರಿದ್ದಲ್ಲ. ಆದರೂ ನಾನು ಲಿವರ್ ಇಳಿಸುವಾಗ ನಳಿಗೆಯನ್ನು ದಪ್ಪನೆಯ ಮರಳಿನ ಚೀಲದ ಕಡೆಗೇ ಹಿಡಿಯುತ್ತೇನೆ. ಈಗ ಹೇಳಿ, ಯಂತ್ರದ ದೋಷದಿಂದಲೇ ಅನಾಹುತ ಆಗಿದ್ದರೆ ಪಿಸ್ತೂಲಿನ ಹೆಸರು, ಮಾದರಿ ಬರೆಯುವುದು ಇನ್ನೂ ಮುಖ್ಯ ಅಲ್ವಾ? ಅದೇ ಮಾದರಿ ಇಟ್ಟುಕೊಂಡವರು ಎಷ್ಟು ಮನೆಯಲ್ಲಿ ಇದ್ದಾರೋ. ‘ಆಕಸ್ಮಿಕವಾಗಿ’ ಅನ್ನುವ ಒಂದೇ ಪದ ಮನುಷ್ಯನ ತಪ್ಪನ್ನೂ ಯಂತ್ರದ ತಪ್ಪನ್ನೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ನಿಮ್ಮ ವರದಿಗಾರರ ಕಷ್ಟ ನನಗೆ ಅರ್ಥವಾಗುತ್ತದೆ. ಸಾವಾದ ಮನೆ. ಅಳುತ್ತಿರುವವರನ್ನು ಕೆದಕಿ ಕೇಳಲು ಮನಸ್ಸು ಬರುವುದಿಲ್ಲ. ಪೊಲೀಸರು ಮೊದಲ ದಿನ ಕೊಡುವ ಮಾಹಿತಿಯೂ ಎರಡೇ ಸಾಲು. ಕಾರಣ ಗೊತ್ತಿಲ್ಲದಿದ್ದರೆ ಗೊತ್ತಾಗಿಲ್ಲ ಅಂತಲೇ ಬರೆಯಿರಿ, ‘ಗುಂಡು ಹಾರಿದ್ದು ಹೇಗೆಂದು ತಿಳಿದುಬಂದಿಲ್ಲ’ ಅಂತ. ತಿಳಿದಾಗ, ಎರಡು ತಿಂಗಳು ಬಿಟ್ಟಾದರೂ ಸರಿ, ನಾಲ್ಕು ಸಾಲು ಹಾಕಿ. ಪಿಸ್ತೂಲೋ ರಿವಾಲ್ವರೋ. ಚೇಂಬರಿನಲ್ಲಿ ಗುಂಡು ಹೇಗೆ ಉಳಿಯಿತು. ನಳಿಗೆ ಯಾವ ಕಡೆ ಇತ್ತು. ಟ್ರಿಗರಿನ ಮೇಲೆ ಬೆರಳು ಯಾಕೆ ಹೋಯಿತು. ಮಕ್ಕಳ ಕೈಗೆ ಸಿಕ್ಕಿದ್ದಾದರೆ ಅದನ್ನು ಎಲ್ಲಿ ಇಟ್ಟಿದ್ದರು, ಬೀಗ ಇತ್ತೋ ಇಲ್ಲವೋ. ಯಾರ ಹೆಸರೂ ಬೇಡ, ಊರೂ ಬೇಡ. ಸತ್ತವರ ಮನೆಯವರನ್ನು ನೋಯಿಸದೆ ಇಷ್ಟನ್ನು ಬರೆಯಬಹುದು.

ನನ್ನ ಹೆಸರನ್ನೂ ವಿಳಾಸವನ್ನೂ ದಯವಿಟ್ಟು ಅಚ್ಚು ಹಾಕಬೇಡಿ. ಪಿಸ್ತೂಲು ಇರುವ ಮನೆ ಯಾವುದು ಅಂತ ಎಲ್ಲರಿಗೂ ತಿಳಿಯುವುದು ಒಳ್ಳೆಯದಲ್ಲ. ಕಚೇರಿಯಲ್ಲಿ ನಿಮ್ಮ ಬಳಿ ಇರಲಿ. ಕ್ರೈಂ ಸುದ್ದಿ ಬರೆಯುವ ವರದಿಗಾರರು ಯಾರಾದರೂ ಬಂದರೆ ಪಿಸ್ತೂಲನ್ನು ಅವರ ಎದುರೇ ಖಾಲಿ ಮಾಡಿ, ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ತೋರಿಸುತ್ತೇನೆ. ಮ್ಯಾಗಝಿನ್ ಮೇಜಿನ ಮೇಲೆ ಇಟ್ಟು, ಪಿಸ್ತೂಲು ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಆ ಪಿನ್ನು ಹುಡುಕಲು ಹೇಳುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು